ಅಜ್ಜನ ಸಾವಿರ, ಅಜ್ಜಿಯ ಎರಡು ಸಾವಿರ

ಒಂದು ಸಣ್ಣ ಲೆಕ್ಕ ನೋಡಿ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜನಿಗೆ ಇಪಿಎಸ್ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಇದು 2014ರಲ್ಲಿ ನಿಗದಿಯಾದದ್ದು. ಬೆಲೆ ಏರಿದ ಹಾಗೆ ತಾನಾಗಿ ಏರುವ ಪಿಂಚಣಿಯೂ ಅಲ್ಲ. ಅದೇ ಮನೆಯ ಅಜ್ಜಿ ಯಜಮಾನಿಯಾಗಿದ್ದರೆ, 2023ರಲ್ಲಿ ಬಂದ ಗೃಹಲಕ್ಷ್ಮಿಯಿಂದ 2,000.

ಅಜ್ಜಿಗೆ ಜಾಸ್ತಿ ಆಯ್ತು ಅಂತ ಹೇಳ್ತಿಲ್ಲ. ಅವರು ಮನೆಯಲ್ಲಿ ದುಡಿದದ್ದಕ್ಕೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಪ್ರಶ್ನೆ ಇರೋದು ಅಜ್ಜನ ಸಾವಿರದ ಬಗ್ಗೆ.

ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರ ತಯಾರಿಸುತ್ತಿತ್ತು. ಗೇಟ್ ಒಳಗೆ ಕಾಯಂ ಆದರೆ ಪಿಎಫ್, ಇಎಸ್ಐ ಎಲ್ಲಾ ಜೊತೆಗೇ ಬರ್ತಿತ್ತು. ಗಿರಣಿಗಳು ನಿಂತವು, ಕಿರ್ಲೋಸ್ಕರ್ ಕೂಡ ಮುಚ್ಚಿತು. ಕೆಲಸ ಹೋದಾಗ ರಕ್ಷಣೆಯೂ ಅರ್ಧಕ್ಕೇ ನಿಂತಿತು. ಇನ್ನು ಮಂಡಕ್ಕಿ ಭಟ್ಟಿಯ ಬೆಂಕಿ ಮುಂದೆ ನಿಂತವರಿಗೆ, ಎಪಿಎಂಸಿಯಲ್ಲಿ ಮೂಟೆ ಹೊತ್ತವರಿಗೆ ಅಂಥ ಗೇಟೇ ಇರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಜಗತ್ತಿನಲ್ಲಿ 380 ಕೋಟಿ ಜನಕ್ಕೆ ಯಾವ ಸಾಮಾಜಿಕ ರಕ್ಷಣೆಯೂ ಇಲ್ಲ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2024ರ ವರದಿ ಹೇಳುತ್ತದೆ.

ಹಾಗಾದ್ರೆ ಮುಂದೇನು? ರಕ್ಷಣೆ ಕಾರ್ಖಾನೆಗಲ್ಲ, ಮನುಷ್ಯನಿಗೆ ಅಂಟಿಕೊಂಡಿರಬೇಕು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಆ ದಾರಿಯಲ್ಲಿದೆ. ಡೆಲಿವರಿ ಹುಡುಗನಿಗೆ ಕಂಪನಿ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯೇ ಕಟ್ಟಬೇಕು. ಆ್ಯಪ್ ಬದಲಾದರೂ ಅವನ ಗುರುತಿನ ಸಂಖ್ಯೆ ಒಂದೇ. ಆ ದುಡ್ಡು ಅಪಘಾತದ ದಿನ, ವಯಸ್ಸಾದ ದಿನ ಅವನ ಕೈ ಸೇರುತ್ತಾ ಅನ್ನೋದನ್ನ ನಾವು ಕೇಳುತ್ತಾ ಇರಬೇಕು.

ನಿಮ್ಮದೂ ಸ್ವಲ್ಪ ನೋಡ್ಕೊಳ್ಳಿ. ಇಪಿಎಸ್‌ನಲ್ಲಿ 10 ವರ್ಷ ಸೇವೆ ತುಂಬಿದರೆ ಮಾತ್ರ ತಿಂಗಳ ಪಿಂಚಣಿಯ ಹಕ್ಕು. ಕೆಲಸ ಬದಲಿಸುವಾಗ ಬೈಕಿಗೋ ಟ್ರಿಪ್ಪಿಗೋ ಅಂತ ಪಿಂಚಣಿ ದುಡ್ಡು ತೆಗೆದರೆ ಅಲ್ಲಿಯವರೆಗಿನ ಸೇವೆ ಲೆಕ್ಕದಿಂದ ಹೋಗುತ್ತೆ. ತೆಗೆಯಬೇಡಿ, ಹೊಸ ಕಂಪನಿಗೆ ವರ್ಗಾಯಿಸಿ. ಹಾಗೇ ಮನೆಯಲ್ಲಿ ಪಿಎಫ್ ಪಿಂಚಣಿ ಬರುವ ಹಿರಿಯರಿದ್ದರೆ, ತಿಂಗಳಿಗೆ ಎಷ್ಟು ಬರುತ್ತೆ ಅಂತ ಒಮ್ಮೆ ಕೇಳಿ.