ಸುಂಕದ ಕಟ್ಟೆಯಲ್ಲಿ ಕನ್ನಡ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದರು ನಮ್ಮ ಹಿರಿಯರು. ಅವನು ಕೇಳುವುದು ಕಾಗದವನ್ನು. ಮಲೆನಾಡಿನ ಕಾಫಿಯು ಪಣಂಬೂರಿನ ನವಮಂಗಳೂರು ಬಂದರಿನಿಂದ ಪರದೇಶಕ್ಕೆ ಹೊರಡಬೇಕಾದರೆ ಇನ್‌ವಾಯ್ಸೆಂಬ ಬೆಲೆಪಟ್ಟಿ, ಮೂಟೆಗಳ ಪಟ್ಟಿ, ಶಿಪ್ಪಿಂಗ್ ಬಿಲ್ಲು ಮೂರೂ ಒಂದೇ ಮಾತನ್ನಾಡಬೇಕು. ತೂಕವೋ ಮೂಟೆಗಳ ಸಂಖ್ಯೆಯೋ ಒಂದರಲ್ಲಿ ಒಂದು ಬಗೆ, ಮತ್ತೊಂದರಲ್ಲಿ ಮತ್ತೊಂದು ಬಗೆಯಾದರೆ ಸರಕು ದಡದಲ್ಲಿಯೇ ನಿಂತೀತು; ಹಡಗು ಕಾಯದು.

ಬಿಲ್ಲಿನಲ್ಲಿರುವುದೆಲ್ಲ ಸತ್ಯವೆಂದು ರಫ್ತುದಾರನೇ ಘೋಷಿಸಬೇಕೆಂಬುದು 1962ರ ಸುಂಕದ ಕಾಯಿದೆಯ 50ನೆಯ ಕಲಮಿನ ವಿಧಿ. ಈಗ ಬಿಲ್ಲು ಗಣಕಯಂತ್ರದ ಮೂಲಕ ಸಲ್ಲುತ್ತದೆ; ಅದನ್ನು ಇಂಗ್ಲಿಷಿನಲ್ಲಿ ತುಂಬುವವನು ಸಾಮಾನ್ಯವಾಗಿ ಏಜೆಂಟನು. ಸ್ವಂತ ಹೆಸರಿನಲ್ಲಿ ಕಾಫಿ ಕಳುಹಿಸುವ ಸಣ್ಣ ಬೆಳೆಗಾರನಿಗೆ ಉಳಿಯುವುದು ಹೊಣೆ ಮಾತ್ರ. ತಿಳಿದೂ ಸುಳ್ಳು ಬರೆದವನಿಗೆ ಸರಕಿನ ಬೆಲೆಯ 5 ಪಟ್ಟಿನವರೆಗೆ ದಂಡ ವಿಧಿಸಲು ಅದೇ ಕಾಯಿದೆಯಲ್ಲಿ ಅವಕಾಶವುಂಟು. ಇದು ಯುಕ್ತವೇ ಸರಿ. ಆದರೆ ಓದಲು ಬಾರದ ಭಾಷೆಯ ಕಾಗದಕ್ಕೆ ರುಜು ಮಾಡಿಸಿಕೊಂಡು ಸತ್ಯದ ಪ್ರಮಾಣವನ್ನು ಕೇಳುವುದು ಯಾವ ನ್ಯಾಯ?

ನಿಯಮಗಳನ್ನು ಸಡಿಲಿಸಿರೆಂದು ನಾವು ಬೇಡುತ್ತಿಲ್ಲ. ಪ್ರತಿಯೊಂದು ಅಂಕಣದ ಅರ್ಥವನ್ನು ತಿಳಿಸುವ, ತುಂಬಿದ ಮಾದರಿಯೊಂದನ್ನು ಒಳಗೊಂಡ ಕನ್ನಡ ಕೈಪಿಡಿಯು ಬಂದರಿನಲ್ಲಿಯೂ ಕಾಫಿ ಮಂಡಳಿಯ ಕಚೇರಿಗಳಲ್ಲಿಯೂ ದೊರೆಯಬೇಕೆಂಬುದಷ್ಟೇ ನಮ್ಮ ಬಿನ್ನಹ. ಬೆಳೆಗಾರರಾದರೂ ಓದದೆ ರುಜು ಹಾಕುವ ಅಭ್ಯಾಸವನ್ನು ಬಿಡಲಿ. ತನ್ನ ಸರಕಿನ ಕಾಗದವನ್ನು ತಾನೇ ಓದಲಾರದವನು ತನ್ನ ವ್ಯಾಪಾರದಲ್ಲಿಯೇ ಪರದೇಶಿಯಾಗುವನು.