ಕುಂಡದೊಳಗಿನ ಮುದಿಮರ

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ನೋಡಿ ಹೊರಬರುವ ಜಯನಗರದ ಗೃಹಸ್ಥನಿಗೆ ಕುಬ್ಜವೃಕ್ಷದ ಮೋಹ ಹಿಡಿಯುವುದು ಅಪರೂಪವೇನಲ್ಲ. ಮೊಳದುದ್ದದ ಮರ, ಅದರ ಮೈಮೇಲೆ ಮುತ್ತಜ್ಜನ ಮುಪ್ಪು! ಬೆಲೆಯನ್ನು ಕೇಳಿದೊಡನೆ ಮೋಹವು ತುಸು ಇಳಿಯುತ್ತದೆ. ಆದರೆ ಸಮೀಪದ ಸಿದ್ಧಾಪುರದ ನರ್ಸರಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಜೂನಿಪರ್ ಗಿಡವೊಂದು ದೊರೆಯುತ್ತದೆಂದು ತಿಳಿದಾಗ ಮತ್ತೆ ಏರುತ್ತದೆ.

ಜಪಾನೀ ಭಾಷೆಯಲ್ಲಿ ‘ಬೋನ್ಸಾಯ್’ ಎಂದರೆ ತಟ್ಟೆಯಲ್ಲಿ ನೆಟ್ಟ ಗಿಡ, ಅಷ್ಟೆ. ವಿದ್ಯೆ ಚೀನಾದಿಂದ ಅಲ್ಲಿಗೆ ಹೋದುದು. ಜೂನಿಪರ್ ನಮಗೂ ತೀರ ಅಪರಿಚಿತವಲ್ಲ. ಆಯುರ್ವೇದದ ‘ಹಪುಷಾ’ ಈ ಕುಲದ ಗಿಡವೊಂದರ ಕಾಯಿಯೇ.

ಗಿಡವನ್ನು ಆರಿಸುವಾಗ ಎಲೆಗಿಂತ ಬುಡವನ್ನು ನೋಡಬೇಕು. ಮೇಲ್ಮಣ್ಣನ್ನು ಬೆರಳಿನಿಂದ ಸರಿಸಿದರೆ ಕಾಂಡವು ಬೇರಾಗಿ ಹರಡುವ ಸ್ಥಳ ಕಾಣುತ್ತದೆ. ದಪ್ಪನೆಯ, ತುಸು ಬಾಗಿದ ಕಾಂಡವಿದ್ದರೆ ಸೊಟ್ಟ ಗಿಡವೇ ಶ್ರೇಷ್ಠ. ವಧೂಪರೀಕ್ಷೆಯ ಹಿರಿಯರಿಗೆ ಈ ಮಾತು ರುಚಿಸಲಾರದು.

ಅನರ್ಥವು ಆರಂಭವಾಗುವುದು ಮನೆಗೆ ಬಂದ ಮೇಲೆ. ಭಾನುವಾರ ಬೆಳಿಗ್ಗೆ ಕತ್ತರಿ ಹಿಡಿದು ಕುಳಿತವನು ಮಧ್ಯಾಹ್ನದೊಳಗೆ ಅರ್ಧ ಗಿಡವನ್ನು ಸವರಿ, ಉಳಿದುದಕ್ಕೆ ತಂತಿ ಸುತ್ತಿ, ಬೇರನ್ನೂ ಕತ್ತರಿಸಿ, ಅಂದೇ ಚಪ್ಪಟೆ ಕುಂಡದಲ್ಲಿ ನೆಟ್ಟುಬಿಡುತ್ತಾನೆ. “ಏನೂಂದ್ರೆ, ಟೀವಿಯ ಪಕ್ಕದಲ್ಲಿಟ್ಟರೆ ಲಕ್ಷಣವಾಗಿರುತ್ತೆ” ಎಂದು ಮನೆಯಾಕೆ ಹೇಳಿದರೆ ಗಿಡದ ಆಯುಷ್ಯ ಮುಗಿದಂತೆಯೇ. ವಿಚಿತ್ರವೆಂದರೆ ಜೂನಿಪರ್ ಸತ್ತರೂ ಸತ್ತಂತೆ ತೋರುವುದಿಲ್ಲ. ಬೇರು ಸತ್ತು ವಾರಗಳು ಕಳೆದರೂ ಹಸಿರಾಗಿಯೇ ನಿಂತಿರುತ್ತದೆ. ಪಾಪ, ಆತ ಶವಕ್ಕೆ ನಿತ್ಯವೂ ನೀರೆರೆಯುತ್ತಿರುತ್ತಾನೆ!

ಕ್ರಮವೇ ಬೇರೆ. ಮೊದಲ ಸಲ ಒಣಗಿದ ಕಡ್ಡಿಗಳನ್ನೂ, ಒಂದರ ಮೇಲೊಂದು ಹಾದ ರೆಂಬೆಗಳನ್ನೂ ಮಾತ್ರ ತೆಗೆಯಬೇಕು. ಉಳಿಸಿದ ಪ್ರತಿಯೊಂದು ರೆಂಬೆಯ ತುದಿಯಲ್ಲಿಯೂ ಹಸಿರಿರಲೇಬೇಕು. ಬೋಳಾದ ರೆಂಬೆ ಮತ್ತೆ ಚಿಗುರುವುದು ದುರ್ಲಭ. ಎಲೆಗಳನ್ನು ಬೇಲಿಯಂತೆ ಸಮನಾಗಿ ಕತ್ತರಿಸಿದರೆ ತುದಿಗಳು ಕಂದುತ್ತವೆ. ಬೇಡವಾದ ದಪ್ಪ ರೆಂಬೆಯ ಮೋಟನ್ನು ಉಳಿಸಿ ತೊಗಟೆ ಸುಲಿದರೆ, ಸಿಡಿಲು ಬಡಿದ ಹಳೆಯ ಮರದ ಕಳೆ ಬರುತ್ತದೆ. ಅಲ್ಯೂಮಿನಿಯಂ ತಂತಿಯ ದಪ್ಪ ರೆಂಬೆಯ ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು. ಅದನ್ನು ಓರೆಯಾಗಿ ಸುತ್ತಿ ಮೆಲ್ಲಗೆ ಬಾಗಿಸಬೇಕು. ತೊಗಟೆಯೊಳಗೆ ಹೂಳುವ ಮೊದಲೇ ಕತ್ತರಿಸಿ ತೆಗೆಯಬೇಕು.

ಕುಂಡದ ಬದಲಾವಣೆ ಆ ವರ್ಷ ಬೇಡ. ಬೇರಿಗೂ ತಲೆಗೂ ಒಟ್ಟಿಗೆ ಗಾಯವಾದರೆ ಸಹಿಸುವ ಶಕ್ತಿ ಈ ಗಿಡಕ್ಕಿಲ್ಲ. ಮುಂದೆ ಬದಲಾಯಿಸುವಾಗಲೂ ಬರಿಯ ಕೆಮ್ಮಣ್ಣು ಸಲ್ಲದು. ಮಳೆಗಾಲದಲ್ಲಿ ಅದು ನೀರು ಹಿಡಿದು ಬೇರನ್ನು ಕೊಳೆಸುತ್ತದೆ. ಇಟ್ಟಿಗೆಯ ಚೂರು, ದಪ್ಪ ಮರಳು, ಸ್ವಲ್ಪ ಎಲೆಗೊಬ್ಬರ ಬೆರೆತರೆ ಲೇಸು.

ಗಿಡದ ಸ್ಥಾನ ತಾರಸಿ, ಬೈಠಕ್‌ಖಾನೆಯಲ್ಲ. ಕತ್ತರಿ ಆಡಿದ ಮೇಲೆ ಕೆಲವು ವಾರ ಅರೆನೆರಳು, ಅನಂತರ ಬೆಳಗಿನ ಬಿಸಿಲು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಎಲೆ ಮಂಕಾದರೆ ಬಿಳಿಯ ಕಾಗದ ಹಿಡಿದು ರೆಂಬೆಯನ್ನು ಕೊಡವಿ ನೋಡಬೇಕು. ಉದುರಿದ ಚುಕ್ಕಿಗಳು ಹರಿದಾಡಿದರೆ ಅದು ನುಸಿ; ರಭಸದ ನೀರಿನಿಂದ ತೊಳೆಯಬೇಕು. ಬೇಸಿಗೆ ರಜೆಗೆಂದು ಸಂಸಾರಸಮೇತ ಊರಿಗೆ ಹೊರಡುವವರು ಹಾಲಿನವನಿಗೆ ಬೇಡವೆಂದು ಹೇಳುವಾಗಲೇ, ಗಿಡಕ್ಕೆ ನೀರು ಹಾಕೆಂದು ಪಕ್ಕದ ಮನೆಯ ಹುಡುಗನಿಗೂ ಹೇಳಿ ಹೋಗಬೇಕು.