ನಮ್ಮ ಹೊಲದ ಚಿಗರಿ ಎಣಿಸಿದವರು ಯಾರು?

ಮುಂಗಾರು ಬಿದ್ದು ಹೆಸರು, ತೊಗರಿ ಮೊಳಕೆಯೊಡೆದರೆ ಸಾಕು, ನಮ್ಮೂರು ಬಳಿಚಕ್ರದ ಹೊಲಗಳ ಸುತ್ತ ಬಣ್ಣಬಣ್ಣದ ಹಳೆಯ ಸೀರೆಗಳು ಏಳುತ್ತವೆ. ಹೊಸಬರು ನೋಡಿದರೆ ಜಾತ್ರೆ ಎಂದುಕೊಳ್ಳಬೇಕು. ಅದು ಚಿಗರಿ ತಡೆಯಲು ಕಟ್ಟಿದ ಬೇಲಿ. ಪುಸ್ತಕದಲ್ಲಿ ಕೃಷ್ಣಮೃಗ ಎನ್ನುವ ಪ್ರಾಣಿಗೆ ನಮ್ಮ ಕಡೆ ಚಿಗರಿ ಎನ್ನುತ್ತಾರೆ. ಕಾಲೇಜಿನ ರಜೆಗೆ ಊರಿಗೆ ಹೋದಾಗ ಆ ಬೇಲಿಯಲ್ಲಿ ಅವ್ವನ ಎರಡು ಸೀರೆಗಳಿದ್ದವು. ಅಪ್ಪ ರಾತ್ರಿ ಹೊಲದಲ್ಲೇ ಮಲಗುತ್ತಿದ್ದ.

‘ಎಷ್ಟು ಚಿಗರಿ ಅವ ಅಪ್ಪಾ?’ ಎಂದು ಕೇಳಿದೆ. ‘ನೂರರ ಮ್ಯಾಲ ಅವ ತಮ್ಮಾ’ ಎಂದ. ಪಕ್ಕದ ಹೊಲದ ಕಾಕಾ ಇನ್ನೂರು ಎಂದರು. ಚಹಾದ ಅಂಗಡಿಗೆ ಬರುವಷ್ಟರಲ್ಲಿ ಅದು ಐನೂರಾಗಿತ್ತು. ಬಿಇ ಓದುವವನಿಗೆ ಸುಮ್ಮನಿರಲಾಗಲಿಲ್ಲ. ಗೆಳೆಯನೊಬ್ಬನನ್ನು ಕರೆದುಕೊಂಡು ಮೂರು ದಿನ ನಸುಕಿನಲ್ಲಿ ಎರಡು ದಿಕ್ಕಿಗೆ ನಿಂತು ಒಂದೇ ಹೊತ್ತಿಗೆ ಎಣಿಸಿದೆವು. ಮೊದಲ ದಿನ 38, ಎರಡನೇ ದಿನ 41, ಮೂರನೇ ದಿನ ಮತ್ತೆ 38. ನಮ್ಮ ಹೊಲದಲ್ಲಿದ್ದ ಹಿಂಡೇ ಒಂದು ತಾಸಿನ ನಂತರ ಕಾಕಾನ ಹೊಲದಲ್ಲಿರುತ್ತಿತ್ತು. ಇಬ್ಬರೂ ಅದೇ ಹಿಂಡನ್ನು ಬೇರೆ ಬೇರೆಯಾಗಿ ಲೆಕ್ಕ ಹಿಡಿದಿದ್ದರು.

ಹಾಗೆಂದು ಅಪ್ಪ ಸುಳ್ಳು ಹೇಳಿದ ಎನ್ನುವಂತಿಲ್ಲ. ಮೂವತ್ತೆಂಟೇ ಚಿಗರಿ ಬಂದು ಹೆಸರಿನ ಕುಡಿ ಚಿವುಟಿದರೂ ಬೀಜ, ಗೊಬ್ಬರದ ಸಾಲ ಅಷ್ಟೇ ಇರುತ್ತದೆ. ನನ್ನ ಸೆಮಿಸ್ಟರ್ ಫೀಸು ಬರುವುದೂ ಅದೇ ಹೊಲದಿಂದ. ನಾನು ಹೇಳಬೇಕಾದದ್ದು ಇಷ್ಟೇ: ಲೆಕ್ಕವಿಲ್ಲದೆ ಹೋದರೆ ನಮ್ಮ ಅಹವಾಲಿಗೂ ಬೆಲೆಯಿಲ್ಲ, ಪ್ರಾಣಿಗೂ ರಕ್ಷಣೆಯಿಲ್ಲ.

ಹುಲಿಯ ಕಥೆ ನೋಡಿ. ಹಿಂದೆ ದೇಶದಲ್ಲಿ ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು, 2005ರಲ್ಲಿ ಹುಡುಕಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ. ಅದಕ್ಕೂ ಮೊದಲೇ ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಬೇರೆ ದಾರಿ ಹಿಡಿದಿದ್ದರು. ಪ್ರಾಣಿ ಎದುರಿಗೆ ಬಂದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಇಟ್ಟು, ಪ್ರತಿ ಹುಲಿಯನ್ನೂ ಅದರ ಪಟ್ಟೆಯಿಂದ ಗುರುತಿಸಿದರು. ಅದೇ ಹುಲಿ ಎಷ್ಟು ಸಲ ಮರಳಿ ಸಿಕ್ಕಿತು ಎಂಬುದರಿಂದ ಕ್ಯಾಮೆರಾಕ್ಕೆ ಸಿಗದವುಗಳನ್ನೂ ಅಂದಾಜು ಮಾಡಿದರು. ಆ ಬಗೆಯ ವಿಧಾನವೇ ಮುಂದೆ ದೇಶದ ಹುಲಿ ಗಣತಿಗೆ ಬಂತು. 2022ರ ಗಣತಿಯಲ್ಲಿ ದೇಶದಲ್ಲಿ 3,682, ಕರ್ನಾಟಕದಲ್ಲಿ 563 ಹುಲಿಗಳು ಎಂದು ಅಂದಾಜಾಯಿತು. ಕಾರಂತರು ಮೊದಲು ಓದಿದ್ದು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಂಬುದು ನನ್ನಂಥವರಿಗೆ ಖುಷಿಯ ಸಂಗತಿ.

ಚಿಗರಿಗೆ ಹುಲಿಯಂತೆ ಪಟ್ಟೆಗಳಿಲ್ಲ. ಅದಕ್ಕೆ ಬೇರೆ ವಿಧಾನವಿದೆ. ಮೊದಲೇ ಗೊತ್ತು ಮಾಡಿದ ನೇರ ದಾರಿಯಲ್ಲಿ ನಡೆಯುತ್ತ, ಕಂಡ ಹಿಂಡಿನ ಸಂಖ್ಯೆಯನ್ನೂ ಅದು ದಾರಿಯಿಂದ ಎಷ್ಟು ದೂರವಿದೆ ಎಂಬುದನ್ನೂ ಬರೆದುಕೊಳ್ಳಬೇಕು. ದೂರ ಹೆಚ್ಚಿದಷ್ಟೂ ಕಣ್ಣು ತಪ್ಪುವ ಹಿಂಡುಗಳು ಹೆಚ್ಚು. ಆ ತಪ್ಪಿನ ಪ್ರಮಾಣವನ್ನೇ ಲೆಕ್ಕ ಹಾಕಿದರೆ ಕಾಣದೆ ಹೋದವುಗಳ ಅಂದಾಜು ಸಿಗುತ್ತದೆ. ಇದರ ಹಿಂದಿರುವುದು ನಾವು ಪರೀಕ್ಷೆಗಾಗಿ ಉರು ಹೊಡೆದು ಮರೆಯುವ ಸಂಭವನೀಯತೆಯ ಪಾಠವೇ.

ಎಣಿಕೆಯಷ್ಟೇ ಮುಖ್ಯವಾದದ್ದು ಪ್ರಾಣಿಯ ಸ್ವಭಾವ ತಿಳಿಯುವುದು. ‘ಹಿಡಿದು ಕಾಡಿಗೆ ಬಿಟ್ಟು ಬರ್ರಿ’ ಎಂಬುದು ಊರಲ್ಲಿ ಎಲ್ಲರ ಬೇಡಿಕೆ. ಆದರೆ ಚಿಗರಿ ದಟ್ಟ ಕಾಡಿನ ಪ್ರಾಣಿಯಲ್ಲ. ದೂರದ ಅಪಾಯವನ್ನು ಕಣ್ಣಿನಿಂದ ಕಂಡು, ಓಡಿ ಜೀವ ಉಳಿಸಿಕೊಳ್ಳುವ ಬಯಲಿನ ಪ್ರಾಣಿ. ಹಿಡಿಯುವಾಗ ಗಾಬರಿಗೇ ಸಾಯುವುದೂ ಉಂಟು. ಅದಕ್ಕೆ ಬೇಕಾದದ್ದು ಗಿಡ್ಡ ಹುಲ್ಲಿನ ಬಯಲು. ಗೋಮಾಳ, ಬೀಳು, ಗುಡ್ಡದ ಬುಡ ಒಂದೊಂದಾಗಿ ಉಳುಮೆಗೆ, ಕಟ್ಟಡಕ್ಕೆ ಹೋದ ಮೇಲೆ ಅದರ ಕಣ್ಣಿಗೆ ನಮ್ಮ ಹೆಸರಿನ ಹೊಲವೇ ಹುಲ್ಲುಗಾವಲು.

ಬಯಲು ಕಂಡಲ್ಲೆಲ್ಲ ಗಿಡ ನೆಡುವುದೂ ಉತ್ತರವಲ್ಲ. ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರ್ ಕೃಷ್ಣಮೃಗ ಧಾಮವಾಯಿತು. ಅಲ್ಲಿನ ಹುಲ್ಲುಗಾವಲಿನ ಬಹುಭಾಗಕ್ಕೆ ನೀಲಗಿರಿ ನೆಡುತೋಪು ಬಂತು. ಚಿಗರಿ ಉಳಿದುಕೊಂಡಿತು, ತೆರೆದ ಬಯಲನ್ನೇ ನೆಚ್ಚಿದ್ದ ಎರೆಭೂತ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ಇಂಥ ನೆಲ ನಮ್ಮ ದಾಖಲೆಗಳಲ್ಲಿ ಹೆಚ್ಚಾಗಿ ‘ಪಾಳುಭೂಮಿ’. ವಿಜ್ಞಾನಿಗಳಾದ ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಉಪಗ್ರಹ ಚಿತ್ರಗಳಿಂದ ನಕ್ಷೆ ಮಾಡಿದಾಗ ದೇಶದ ಸುಮಾರು ಶೇ 10ರಷ್ಟು ನೆಲ ಇಂಥ ಬಯಲು ಎಂದು ಗೊತ್ತಾಯಿತು. ಅದರಲ್ಲಿ ರಕ್ಷಿತ ಪ್ರದೇಶದೊಳಗೆ ಇರುವುದು ಶೇ 5ಕ್ಕಿಂತ ಕಡಿಮೆ. ಅಂದರೆ ಬಯಲಿನ ಪ್ರಾಣಿಯ ಭಾರ ಹೊತ್ತಿರುವುದು ಸರ್ಕಾರದ ಕಾಡಲ್ಲ, ನಮ್ಮಂಥವರ ಹೊಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಚಿಗರಿ ಇದೆ. ಅದನ್ನು ಕೊಂದರೆ ಜೈಲು. ಆ ಕಾನೂನು ಸರಿಯೇ. ಆದರೆ ಕಾಯ್ದೆ ಪಾಲಿಸುವ ರೈತನ ನಷ್ಟವೂ ಅಷ್ಟೇ ಗಟ್ಟಿಯಾಗಿ ದಾಖಲಾಗಬೇಕಲ್ಲವೇ? ಕಾಕಾನನ್ನು ಪರಿಹಾರದ ಅರ್ಜಿ ಹಾಕು ಎಂದರೆ, ‘ತಿರುಗಾಡೂದಕ್ಕ ಹೋಗೂ ರೊಕ್ಕದಾಗ ಮತ್ತೊಮ್ಮೆ ಬಿತ್ತಬಹುದು’ ಎನ್ನುತ್ತಾರೆ. ಅರ್ಜಿ ಹಾಕದಿದ್ದರೆ ನಷ್ಟವೇ ಆಗಿಲ್ಲ ಎಂದಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ವನ್ಯಜೀವಿ ಎಂದರೆ ಸುರಪುರದ ಬೋನಾಳ ಪಕ್ಷಿಧಾಮ ನೆನಪಾಗುತ್ತದೆ. ಹೊಲದ ಚಿಗರಿಯೂ ಆ ಪಟ್ಟಿಗೆ ಸೇರಲಿ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ವರ್ಷಕ್ಕೆರಡು ಸಲ, ಮುಂಗಾರು ಬಿತ್ತನೆಗೆ ಮುಂಚೆ ಮತ್ತು ನಂತರ, ಒಂದೇ ದಿನ ಒಂದೇ ಹೊತ್ತಿಗೆ ಎಣಿಕೆ ನಡೆಯಲಿ. ಅರಣ್ಯ ಇಲಾಖೆ ಮುಂದಾಳಾಗಲಿ, ಕಾಲೇಜಿನ ಹುಡುಗ ಹುಡುಗಿಯರು ನಡೆಯಲಿ, ಹಿಂಡಿನ ದಾರಿ ಬಲ್ಲ ಕುರುಬರೂ ರೈತರೂ ಜತೆಗಿರಲಿ. ನಷ್ಟವಾದ ಹೊಲದ ಫೋಟೊ, ಸ್ಥಳ, ದಿನಾಂಕ ಮೊಬೈಲಿನಲ್ಲೇ ದಾಖಲಾಗುವಂತೆ ಮಾಡುವುದು ನಮ್ಮ ಕಾಲೇಜುಗಳ ಒಂದು ಪ್ರಾಜೆಕ್ಟಿನಷ್ಟು ಕೆಲಸ. ಪ್ರತಿವರ್ಷ ಅವವೇ ಹೊಲಗಳು ಹಾಳಾಗುತ್ತಿದ್ದರೆ ಪರಿಹಾರ ಎಲ್ಲಿಗೆ ಮೊದಲು ಹೋಗಬೇಕು, ಯಾವ ಗೋಮಾಳ ಉಳಿಸಬೇಕು ಎಂಬುದು ನಕ್ಷೆಯಲ್ಲೇ ಕಾಣುತ್ತದೆ.

ರಜೆ ಮುಗಿಸಿ ಹೊರಟ ದಿನ ನಮ್ಮ ಎಣಿಕೆಯ ಚೀಟಿಯನ್ನು ಅಪ್ಪನಿಗೆ ತೋರಿಸಿದೆ. ನೋಡಿ ಜೇಬಿಗೆ ಹಾಕಿಕೊಂಡ. ವಾರದ ನಂತರ ಫೋನ್ ಮಾಡಿದಾಗ ನಾನು ಕೇಳುವ ಮೊದಲೇ ಹೇಳಿದ: ‘ಇವತ್ತು ನಲವತ್ತು ಅದಾವ ನೋಡು. ಎರಡು ಮರಿ.’